‘2018 ಕಲಿತದ್ದು, ಈಗ 2025. ಮತ್ತೆ ಕಲಿಯಬೇಕಾ ಸರ್?’

ಪ್ರಶ್ನೆ: ಸರ್, ನಾನು ಕಲಿತದ್ದು ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವ ಆಟೋಕ್ಯಾಡ್, ಅದರ 2018ರ ವರ್ಷನ್. ಈಗ ಮಂಗಳೂರಲ್ಲಿ ಕೆಲಸಕ್ಕೆ ಸೇರಿದ ಆಫೀಸಿನಲ್ಲಿ 2025 ಉಂಟು. ಮನೆಯ ಲ್ಯಾಪ್‌ಟಾಪಿನಲ್ಲಿ ಹಳೆಯದೇ. ಅಲ್ಲಿನ ಫೈಲ್ ಇಲ್ಲಿ ತೆರೆಯುವುದಿಲ್ಲವಂತೆ. ವರ್ಷ ವರ್ಷ ಹೊಸತು ಹಾಕಲೇಬೇಕಾ? ಮತ್ತೆ ಕೋರ್ಸ್ ಮಾಡಬೇಕಾ?

ಉತ್ತರ: ‘ತೆರೆಯುವುದಿಲ್ಲವಂತೆ’. ನನಗೆ ಸಿಟ್ಟು ಬರುವುದು ಈ ‘ಅಂತೆ’ಯ ಮೇಲೆ. ನೀವು ತೆರೆದು ನೋಡಿದಿರಾ? ಇಲ್ಲ. ಪಕ್ಕದ ಮೇಜಿನವರು ಹೇಳಿದರು, ಅವರಿಗೆ ಇನ್ಯಾರೋ ಹೇಳಿದ್ದರು. ಈ ಪ್ರಶ್ನೆಗೆ ಕ್ಲಾಸಿನಲ್ಲಿ, ಫೋನಿನಲ್ಲಿ, ಒಮ್ಮೆ ಮದುವೆ ಊಟದ ಪಂಕ್ತಿಯಲ್ಲಿ ಸಹ ಉತ್ತರ ಕೊಟ್ಟಿದ್ದೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುವುದು.

ಮೊದಲು ಒಂದು ಪರೀಕ್ಷೆ. ಆಫೀಸಿನ ಯಾವುದಾದರೂ ಡಿಡಬ್ಲ್ಯುಜಿ ಫೈಲಿನ, ಅಂದರೆ ಆಟೋಕ್ಯಾಡ್ ಡ್ರಾಯಿಂಗ್ ಉಳಿಸುವ ಫೈಲಿನ, ಕಾಪಿ ಮಾಡಿಕೊಳ್ಳಿ. ಆ ಕಾಪಿಯನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಪರದೆ ತುಂಬ ಅರ್ಥವಾಗದ ಚಿಹ್ನೆಗಳು ಬರುತ್ತವೆ, ಹೆದರಬೇಡಿ. ಮೊದಲ ಸಾಲಿನ ಮೊದಲ ಆರು ಅಕ್ಷರ ಮಾತ್ರ ನೋಡಿ: ಎಸಿ1032. ಈಗ ನಿಮ್ಮ ಲ್ಯಾಪ್‌ಟಾಪಿನ 2018ರಲ್ಲಿ ಒಂದು ಗೆರೆ ಎಳೆದು ಸೇವ್ ಮಾಡಿ, ಅದನ್ನೂ ಹಾಗೆಯೇ ತೆರೆಯಿರಿ. ಅಲ್ಲಿಯೂ ಎಸಿ1032. ಎರಡೂ ಒಂದೇ ಜಾತಿ. (ಕಾಪಿ ಎಂದು ಒತ್ತಿ ಹೇಳಿದ್ದಕ್ಕೆ ಕಾರಣ ಉಂಟು. ನಮ್ಮ ಕ್ಲಾಸಿನ ಒಬ್ಬ ಹುಡುಗ ಮೂಲ ಫೈಲನ್ನೇ ನೋಟ್‌ಪ್ಯಾಡಿನಲ್ಲಿ ತೆರೆದು, ಅಭ್ಯಾಸಬಲದಿಂದ ಸೇವ್ ಒತ್ತಿ, ಎರಡು ದಿನದ ಕೆಲಸಕ್ಕೆ ಎಳ್ಳುನೀರು ಬಿಟ್ಟ. ಆಟೋಕ್ಯಾಡ್ ತಾನೇ ಇಟ್ಟುಕೊಳ್ಳುವ ಹಿಂದಿನ ಪ್ರತಿ, ಬ್ಯಾಕ್ ಫೈಲ್, ಇದ್ದುದರಿಂದ ಬಚಾವಾದ.)

ಹೆಸರಿನಲ್ಲಿ ಇಸವಿ ಬದಲಾದ ಮಾತ್ರಕ್ಕೆ ಫೈಲಿನ ಒಳರಚನೆ ಬದಲಾಗುವುದಿಲ್ಲ ಮಾರಾಯ್ರೇ. ರಚನೆ ಬದಲಾದ ವರ್ಷಗಳು 2000, 2004, 2007, 2010, 2013, 2018. 2000ದಿಂದ 2025ರವರೆಗೆ ಇಷ್ಟೇ, ಆರು. 2013ರಿಂದ 2017ರ ತನಕದ ಐದು ವರ್ಷನ್‌ಗಳ ಗುರುತು ಎಸಿ1027. 2018ರಿಂದ 2025ರವರೆಗೆ ಎಂಟು ವರ್ಷನ್ ಬಂದವು, ಎಂಟಕ್ಕೂ ಎಸಿ1032. ಹಾಗಿರುವಾಗ ‘ವರ್ಷ ವರ್ಷ’ ಎಲ್ಲಿಂದ ಬಂತು?

ಎಲ್ಲಿಂದ ಬಂತೆಂದರೆ, ನಿಜವಾಗಿ ಒಮ್ಮೆ ಪೆಟ್ಟು ತಿಂದವರಿಂದ. 2014 ಇಟ್ಟುಕೊಂಡವರಿಗೆ ಯಾರೋ 2018ರ ಫೈಲ್ ಕಳಿಸಿದರು, ತೆರೆಯಲಿಲ್ಲ. ಅದು ಸತ್ಯ. ಹಳೆಯದನ್ನು ಹೊಸತು ತೆರೆಯುತ್ತದೆ, ರಚನೆ ಬದಲಾದ ಹೊಸತನ್ನು ಹಳೆಯದು ತೆರೆಯುವುದಿಲ್ಲ. ಅದಕ್ಕೂ ಹೊಸ ಸಾಫ್ಟ್‌ವೇರ್ ಕೊಳ್ಳಬೇಕಾಗಿಲ್ಲ. ಕಳಿಸುವವರು ‘ಸೇವ್ ಆ್ಯಸ್’ಗೆ ಹೋಗಿ 2010 ಅಥವಾ 2013 ಎಂದು ಆರಿಸಿದರೆ ಮುಗಿಯಿತು. ದಿನಾ ಕಳಿಸುವ ಕೆಲಸವಿದ್ದರೆ ‘ಆಪ್ಷನ್ಸ್’ ಒಳಗೆ ‘ಓಪನ್ ಆ್ಯಂಡ್ ಸೇವ್’ನಲ್ಲಿ ಒಮ್ಮೆ ಹಾಗೆಂದು ಇಟ್ಟುಬಿಡಿ. ಕಳಿಸಿದವರು ಫೋನ್ ಎತ್ತದಿದ್ದರೆ ಆಟೋಡೆಸ್ಕ್‌ನವರದೇ ‘ಡಿಡಬ್ಲ್ಯುಜಿ ಟ್ರೂವ್ಯೂ’ ಉಂಟು. ದುಡ್ಡಿಲ್ಲ. ನೋಡುವುದಕ್ಕೂ ಆಗುತ್ತದೆ, ಹಳೆಯ ರೂಪಕ್ಕೆ ಇಳಿಸುವುದಕ್ಕೂ ಆಗುತ್ತದೆ.

ಇಷ್ಟು ಹೇಳಿದರೂ ‘ವರ್ಷನ್ ಪ್ರಾಬ್ಲಮ್’ ಎಂಬುದು ನಮ್ಮ ಊರಿನಲ್ಲಿ ಕುಲೆ (ಪ್ರೇತ) ಹಿಡಿದ ಹಾಗೆ. ಏನು ಕೆಟ್ಟರೂ ಅದರ ತಲೆಗೇ. ಮೊನ್ನೆ ಬೈಕಂಪಾಡಿಯ ಒಂದು ಫ್ಯಾಬ್ರಿಕೇಶನ್ ಶೆಡ್ಡಿನಿಂದ ಫೋನ್. “ಸರ್, ನಿಮ್ಮ ಸ್ಟೂಡೆಂಟ್ ಕಳಿಸಿದ ಗೇಟಿನ ಡ್ರಾಯಿಂಗ್ ಓಪನ್ ಆಗುದಿಲ್ಲ, ವರ್ಷನ್ ಪ್ರಾಬ್ಲಮ್ ಅಂತ ಕಾಣ್ತದೆ.” ತರಿಸಿ ನೋಡಿದರೆ ಆ ಪುಣ್ಯಾತ್ಮ ವಾಟ್ಸ್ಆ್ಯಪಿನಲ್ಲಿ ಕಳಿಸಿದ್ದು ಡಿಡಬ್ಲ್ಯುಎಲ್ ಫೈಲ್! ಡ್ರಾಯಿಂಗ್ ತೆರೆದಿರುವಾಗ ಆಟೋಕ್ಯಾಡ್ ಪಕ್ಕದಲ್ಲಿ ಹುಟ್ಟಿಸುವ ಬೀಗದ ಫೈಲ್ ಅದು. ಒಳಗೆ ಗೇಟೂ ಇಲ್ಲ, ಕಂಬಿಯೂ ಇಲ್ಲ. ಇನ್ನು ಕೆಲವರು ಎಕ್ಸ್‌ರೆಫ್ (ಹೊರಗಿನಿಂದ ಜೋಡಿಸಿದ ಬೇರೆ ಡ್ರಾಯಿಂಗ್) ಹಾಕಿದ ಪ್ಲಾನ್ ಕಳಿಸುತ್ತಾರೆ, ಎಕ್ಸ್‌ರೆಫ್ ಫೈಲ್ ಕಳಿಸುವುದಿಲ್ಲ. ಅತ್ತ ಕಡೆಯವರಿಗೆ ಕಾಣುವುದು ಬರೀ ಬಾರ್ಡರ್. ‘ಇ-ಟ್ರಾನ್ಸ್‌ಮಿಟ್’ ಎಂಬ ಕಮಾಂಡ್ ಇರುವುದೇ ಇದಕ್ಕೆ, ಬೇಕಾದ್ದನ್ನೆಲ್ಲ ಒಂದೇ ಗಂಟು ಕಟ್ಟಿಕೊಡುತ್ತದೆ.

ನ್ಯಾಯಕ್ಕೆ ಒಂದು ಮಾತು: ಕಟ್ಟಡದ ಮಾಡೆಲ್ ಮಾಡುವ ಆಟೋಡೆಸ್ಕ್‌ನವರ ಇನ್ನೊಂದು ಸಾಫ್ಟ್‌ವೇರ್ ರೆವಿಟ್‌ನಲ್ಲಿ ಮಾತ್ರ ಆ ‘ಅಂತೆ’ ನಿಜ. ಅಲ್ಲಿ 2025ರಲ್ಲಿ ಸೇವ್ ಮಾಡಿದ್ದನ್ನು 2024 ತೆರೆಯುವುದಿಲ್ಲ, ಹಿಂದಕ್ಕೆ ಇಳಿಸುವ ದಾರಿಯೂ ಇಲ್ಲ. ಆದ್ದರಿಂದ ಒಂದು ಪ್ರಾಜೆಕ್ಟಿಗೆ ಕೂತವರೆಲ್ಲ ಒಂದೇ ವರ್ಷನ್‌ನಲ್ಲಿ ಇರಬೇಕು. ರೆವಿಟ್‌ನವರು ಪಟ್ಟ ಪಾಡನ್ನು ಕೇಳಿ ಆಟೋಕ್ಯಾಡ್‌ನವರು ಹೆದರುವುದು ಯಾಕೆ?

ಇನ್ನು ಕೋರ್ಸಿನ ವಿಷಯ. ಬೇಡ. ನನ್ನ ಹೊಟ್ಟೆಪಾಡಿಗೆ ವಿರುದ್ಧವಾದ ಮಾತು, ಆದರೂ ಬೇಡ. ಗೆರೆಗೆ ಎಲ್, ಕೆಂಪುಕಲ್ಲಿನ ಗೋಡೆಯ ದಪ್ಪ ತೋರಿಸುವುದಕ್ಕೆ ಸಮಾಂತರ ಗೆರೆ ಎಳೆಯುವ ಆಫ್‌ಸೆಟ್‌ನ ಓ, ಇವು 1997ರ ರಿಲೀಸ್ 14ರಲ್ಲಿ ಹೇಗಿದ್ದವೋ ಈಗಲೂ ಹಾಗೆಯೇ. ಮೇಲಿನ ರಿಬ್ಬನ್, ಆ ಬಟನ್‌ಗಳ ಪಟ್ಟಿ, 2009ರಲ್ಲಿ ಬಂತು. 2015ರಲ್ಲಿ ಕ್ಲಾಸಿಕ್ ಎಂಬ ಹಳೆಯ ನೋಟವನ್ನು ತೆಗೆದರು. ನಿಮಗೆ ಅದು ಬಾಧಕವಿಲ್ಲ, ನೀವು ರಿಬ್ಬನ್ ನೋಡಿಯೇ ಕಲಿತವರು.

ನಿಮ್ಮನ್ನು ಎಡವಿಸುವುದು ಗೆರೆಯ ತುಂಡು ಕತ್ತರಿಸುವ ಕಮಾಂಡ್, ಟ್ರಿಮ್. 2018ರಲ್ಲಿ ಮೊದಲು ಕತ್ತರಿಸುವ ಅಂಚು ತೋರಿಸಬೇಕು, ಮತ್ತೆ ಬೇಡದ ತುಂಡು. 2021ರಿಂದ ಕ್ಲಿಕ್ ಮಾಡಿದ್ದೇ ಹೋಗುತ್ತದೆ. ನನ್ನ ಜತೆ ಹಿಂದೆ ಕೆಲಸ ಮಾಡಿದ ಹಿರಿಯ ಡ್ರಾಫ್ಟ್ಸ್‌ಮನ್ ಒಬ್ಬರು ಹೊಸದರಲ್ಲಿ ಅಂಚು ಎಂದು ತೋರಿಸಲು ಹೋದರೆ ಅಡುಗೆಕೋಣೆಯ ಗೋಡೆಯೇ ಮಾಯ. “ಇದಕ್ಕೆ ಮರ್ಲು (ಹುಚ್ಚು) ಹಿಡಿದಿದೆ” ಎಂದು ಎದ್ದು ಚಾಗೆ ಹೋದರು. ಟ್ರಿಮ್, ಎಕ್ಸ್‌ಟೆಂಡ್, ಮೋಡ್ ಮೂರನ್ನೂ ಜಾಗ ಬಿಡದೆ ಒಂದೇ ಪದವಾಗಿ ಟೈಪ್ ಮಾಡಿ 0 ಕೊಟ್ಟೆ, ಹಳೆಯ ಟ್ರಿಮ್ ವಾಪಸ್. ಚಾ ಕುಡಿದು ಬರುವಷ್ಟರಲ್ಲಿ ಅಪ್‌ಗ್ರೇಡ್ ತರಬೇತಿ ಮುಗಿದಿತ್ತು.

ಹೊಸತು ಹಾಕುವಾಗ ಕಳೆದುಹೋಗುವುದು ಡ್ರಾಯಿಂಗ್ ಅಲ್ಲ, ನಿಮ್ಮ ಅಭ್ಯಾಸಗಳು: ಟೆಂಪ್ಲೇಟ್, ಪ್ರಿಂಟಿಗೆ ಪೆನ್ನಿನ ದಪ್ಪ ಬರೆದಿಟ್ಟ ಸಿಟಿಬಿ ಫೈಲ್, ಶಾರ್ಟ್‌ಕಟ್ ಇರುವ ಪಿಜಿಪಿ ಫೈಲ್, ಬಾವಿ-ತುಳಸಿಕಟ್ಟೆಯಿಂದ ಹಿಡಿದು ಕೂಡಿಸಿಟ್ಟ ಬ್ಲಾಕುಗಳು (ಮತ್ತೆ ಮತ್ತೆ ಬಳಸುವ ಸಿದ್ಧ ಚಿತ್ರಗಳು). ಇವನ್ನು ಬೇರೆ ಫೋಲ್ಡರಿಗೆ ಹಾಕಿಟ್ಟು ಮುಂದುವರಿಯಿರಿ. ಹಳೆಯದನ್ನು ತಕ್ಷಣ ತೆಗೆಯಬೇಡಿ. ಎರಡೂ ಒಂದೇ ಕಂಪ್ಯೂಟರಿನಲ್ಲಿ ಜಗಳವಿಲ್ಲದೆ ಇರುತ್ತವೆ. ನಾನಂತೂ ಈ ಕೆಲಸಕ್ಕೆ ಜೋರು ಮಳೆಯ ಆಟಿ ತಿಂಗಳು ನೋಡುತ್ತೇನೆ. ಸೈಟಿನಲ್ಲಿ ಕಾಂಕ್ರೀಟ್ ಇಲ್ಲ, ‘ಸಂಜೆಯೊಳಗೆ ಬೇಕು’ ಎನ್ನುವವರೂ ಕಡಿಮೆ. ಯುಪಿಎಸ್ ಮಾತ್ರ ಗಟ್ಟಿ ಇರಲಿ.

ಯಾರೂ ಕೇಳದ, ಆದರೆ ಕೇಳಬೇಕಾಗಿದ್ದ ಪ್ರಶ್ನೆ ಒಂದುಂಟು: ಡ್ರಾಯಿಂಗಿನಲ್ಲಿ ಕನ್ನಡ ಬರೆದರೆ ಅದು ಯಾಕೆ ಕೆಡುತ್ತದೆ? ಇದನ್ನೂ ವರ್ಷನ್ ಎನ್ನುತ್ತಾರೆ. ಅಲ್ಲ. ಡಿಡಬ್ಲ್ಯುಜಿ ಫೈಲ್ ಫಾಂಟಿನ ಹೆಸರನ್ನು ಮಾತ್ರ ನೆನಪಿಟ್ಟುಕೊಳ್ಳುತ್ತದೆ, ಫಾಂಟನ್ನು ಹೊತ್ತುಕೊಂಡು ಹೋಗುವುದಿಲ್ಲ. ‘ನುಡಿ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಕನ್ನಡ ಒಳಗೆ ಕನ್ನಡವೇ ಅಲ್ಲ. ರೋಮನ್ ಅಕ್ಷರಗಳಿಗೆ ಕನ್ನಡದ ವೇಷ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ವೇಷ ಕಳಚುತ್ತದೆ. ಕನ್ನಡಕ್ಕೆ ತನ್ನದೇ ಸಂಕೇತಗಳಿರುವ ಯುನಿಕೋಡಿನಲ್ಲಿ ಬರೆಯಿರಿ, ವಿಂಡೋಸ್ ಜತೆಗೇ ಬರುವ ನಿರ್ಮಲ ಫಾಂಟ್ ಕೊಡಿ, ಒತ್ತಕ್ಷರ ಸರಿ ಕೂತಿದೆಯಾ ಎಂದು ಕಣ್ಣಾಡಿಸಿ, ಪ್ರಿಂಟಿಗೆ ಪಿಡಿಎಫ್ ಮಾಡಿಯೇ ಕಳಿಸಿ.

ಇದನ್ನು ನಾನು ಕಲಿತದ್ದು ದುಡ್ಡು ಕೊಟ್ಟು. ಒಂದು ದೈವಸ್ಥಾನದ ಜೀರ್ಣೋದ್ಧಾರದ ಪ್ಲಾನ್, ಶೀರ್ಷಿಕೆ ದೊಡ್ಡದಾಗಿ ನುಡಿಯಲ್ಲಿ. ಹಂಪನಕಟ್ಟೆಯ ಒಂದು ಅಂಗಡಿಯಲ್ಲಿ ಎ1 ಹಾಳೆ ಹತ್ತು ಕಾಪಿ ಪ್ರಿಂಟ್ ಹಾಕಿಸಿ, ಬಿಚ್ಚಿ ನೋಡದೆ ನೇರ ಸಮಿತಿಯ ಸಭೆಗೆ ಒಯ್ದೆ. ಅಧ್ಯಕ್ಷರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, “ಇದೆಂತ, ಜರ್ಮನ್ನಾ?” ಎಂದರು. ಆ ಹಾಳೆಗಳಲ್ಲಿ ಇನ್ನೂ ಮೂರು ಉಳಿದಿವೆ. ಹಿಂಬದಿ ಖಾಲಿ ಉಂಟಲ್ಲ, ಟ್ರಿಮ್ ಪಾಠದ ದಿನ ಗೋಡೆಯ ಚಿತ್ರ ಬಿಡಿಸಿ ತೋರಿಸಲು ಆಗುತ್ತದೆ.