ಗಾಳದ ಸ್ಪರ್ಧೆಗೆ ಪೊಲೀಸ್ ಪರ್ಮಿಷನ್ ಒಂದಿದ್ರೆ ಸಾಕಾ?

ಬೇಸಿಗೆ ಬಂದು ಕೆರೆ ನೀರು ಇಳೀತಿದ್ದಂಗೆ ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆ ಫ್ಲೆಕ್ಸ್‌ಗಳು ಎದ್ದೇಳ್ತವೆ, ಗಾಳ ಹಾಕಿ ಮೀನು ಹಿಡಿಯುವ ಸ್ಪರ್ಧೆ, ಪ್ರವೇಶ ಶುಲ್ಕ ಇಷ್ಟು, ಮೊದಲ ಬಹುಮಾನ ಇಷ್ಟು, ಮಧ್ಯಾಹ್ನ ಬಾಡೂಟ. ಫ್ಲೆಕ್ಸ್ ಕಟ್ಟಿದ ಮೇಲೆ, ಸ್ಪರ್ಧೆಗೆ ಎರಡೋ ಮೂರೋ ದಿನ ಇರೋವಾಗ, ಹಾಸನದಲ್ಲಿರೋ ನನ್ನ ಲಾಯರ್ ಆಫೀಸಿಗೆ ಫೋನ್ ಬರುತ್ತೆ. "ಸಾರ್, ಸ್ಟೇಷನ್ನಿಂದ ಪರ್ಮಿಷನ್ ತಗೊಂಡಿದೀವಿ, ಎಮ್ಮೆಲ್ಲೆ ಬಂದು ಉದ್ಘಾಟನೆ ಮಾಡ್ತಾರೆ, ಇನ್ನೇನಾದ್ರೂ ಬೇಕಾ?"

ಬೇಕು. ಪೊಲೀಸ್ನೋರು ಕೊಡೋದು ಜನ ಸೇರೋಕೆ, ಮೈಕ್ ಹಾಕೋಕೆ ಪರ್ಮಿಷನ್ನು, ಮೀನು ಹಿಡಿಯೋಕಲ್ಲ. ಅವ್ರ ಹತ್ರ ಇಲ್ದೇ ಇರೋದನ್ನ ಅವ್ರು ಹೆಂಗೆ ಕೊಡ್ತಾರೆ? ನಾನು ನೋಡಿರೋ ಗಾಳದ ಜಗಳಗಳಲ್ಲಿ ಮುಕ್ಕಾಲು ಪಾಲು ಇಲ್ಲಿಂದ್ಲೇ ಶುರುವಾಗಿರೋದು, ಆ ನೀರಲ್ಲಿರೋ ಮೀನು ಯಾರದ್ದು ಅಂತ ಯಾರೂ ಮೊದಲೇ ಕೇಳಿರಲ್ಲ.

ನಮ್ಮ ಕಡೆ ಕೆರೆ ಅಂದ್ರೆ ಊರಿನದ್ದು, ಯಾರು ಬೇಕಾದ್ರೂ ಗಾಳ ಹಾಕಬಹುದು ಅನ್ನೋ ನಂಬಿಕೆ ಇದೆ, ಸಂಜೆ ಹೊತ್ತು ಏರಿ ಮೇಲೆ ಕೂತು ಎರೆಹುಳ ಸಿಕ್ಕಿಸಿ ಒಂದೆರಡು ಜಿಲೇಬಿ ಮೀನು ಹಿಡಿಯೋ ಮುದುಕಪ್ಪನ್ನ ಯಾರೂ ಏನೂ ಕೇಳೋದೂ ಇಲ್ಲ, ಕೇಳಬಾರದು ಕೂಡ. ಆದ್ರೆ ನೂರಾರು ಜನ ದುಡ್ಡು ಕಟ್ಟಿ ಒಂದೇ ದಿನ ಇಳಿದ್ರೆ ಕಥೆ ಬೇರೆ. ಕೆರೆಯ ಮೀನಿನ ಹಕ್ಕನ್ನ ಮೀನುಗಾರಿಕೆ ಇಲಾಖೆ ಇಲ್ಲಾ ಪಂಚಾಯ್ತಿ ಗುತ್ತಿಗೆಗೆ ಕೊಟ್ಟಿರುತ್ತೆ, ಸಾಮಾನ್ಯವಾಗಿ ಅದು ಮೀನುಗಾರರ ಸಹಕಾರ ಸಂಘದ ಕೈಲಿರುತ್ತೆ. ಅವ್ರು ದುಡ್ಡು ಕಟ್ಟಿ ಕಾಟ್ಲಾ, ರೋಹು, ಮೃಗಾಲ್ ಮರಿ ತಂದು ಬಿಟ್ಟಿರ್ತಾರೆ, ಮಳೆ ಜಾಸ್ತಿಯಾಗಿ ಕೋಡಿ ಬಿದ್ರೆ ಮೀನು ಕೊಚ್ಚಿಕೊಂಡು ಹೋಗದಂಗೆ ಕಾದಿರ್ತಾರೆ. ಜಲಾಶಯಗಳಲ್ಲಿ, ಉದಾಹರಣೆಗೆ ಗೊರೂರಿನ ಹೇಮಾವತಿ ಹಿನ್ನೀರು, ಬೇಲೂರಿನ ಯಗಚಿ, ಅಲ್ಲಿ ತೆಪ್ಪ ಹಾಕಿ ಬಲೆ ಬಿಡೋರು ಲೈಸೆನ್ಸ್ ಮೇಲೆ ಬದುಕೋರು. 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯ್ದೆ ಇರೋದೇ ಈ ಲೈಸೆನ್ಸು, ಗುತ್ತಿಗೆ, ಯಾವ ರೀತೀಲಿ ಹಿಡೀಬೇಕು ಹಿಡೀಬಾರದು ಅನ್ನೋದನ್ನೆಲ್ಲ ನೋಡ್ಕೊಳ್ಳೋಕೆ.

ಮೀನು ಹಿಡಿಯೋ ಹಕ್ಕು ಅನ್ನೋದು ಕಾನೂನಿನ ಕಣ್ಣಲ್ಲಿ ಸಣ್ಣ ವಿಷಯ ಅಲ್ಲ. ಒಡಿಶಾದ ಚಿಲಿಕಾ ಸರೋವರದ ಒಂದು ಕೇಸಲ್ಲಿ, ಆನಂದ ಬೆಹೆರಾ ಕೇಸ್ ಅಂತಾರೆ, ಸುಪ್ರೀಂ ಕೋರ್ಟು 1950ರ ದಶಕದಲ್ಲೇ ಹೇಳಿಬಿಟ್ಟಿದೆ, ಇನ್ನೊಬ್ಬರ ನೀರಲ್ಲಿ ಇಳಿದು ಮೀನು ಹಿಡಿದು ಒಯ್ಯೋ ಹಕ್ಕು ಅಂದ್ರೆ ಅದು ಸ್ಥಿರಾಸ್ತಿಯ ಹಕ್ಕೇ, ಬಾಯಿಮಾತಲ್ಲಿ ಕೈ ಬದಲಾಯಿಸೋಕಾಗಲ್ಲ ಅಂತ. ಹಂಗಾಗಿ ಸಂಘದ ಒಬ್ಬ ಡೈರೆಕ್ಟರು ಟೀ ಅಂಗಡೀಲಿ "ಮಾಡ್ಕಳ್ರಪ್ಪ" ಅಂದ ಅಂತ ಫ್ಲೆಕ್ಸ್ ಹೊಡೆಸೋದು ಬುದ್ಧಿವಂತಿಕೆ ಅಲ್ಲ.

ಒಂದು ಊರಲ್ಲಿ ಹಿಂಗೇ ಆಯ್ತು, ಊರಿನ ಹೆಸರು ಬೇಡ. ಯುವಕ ಸಂಘದ ಹುಡುಗ್ರು ಎಲ್ಲಾ ಚೆಂದ ಮಾಡಿದ್ರು, ಏರಿ ಉದ್ದಕ್ಕೂ ಸುಣ್ಣದಲ್ಲಿ ನಂಬರ್ ಹಾಕಿ ಜಾಗ ಗುರುತು ಮಾಡಿದ್ರು, ಮಂಗಳೂರು ಬೆಂಗಳೂರಿಂದೆಲ್ಲ ಟೀಮ್ ಬಂದಿದ್ವು. ಬೆಳಿಗ್ಗೆ ಸೀಟಿ ಊದೋ ಹೊತ್ತಿಗೆ ಮೀನುಗಾರರ ಸಂಘದವ್ರು ನಾಕೈದು ತೆಪ್ಪ ತಗೊಂಡು ಬಂದು ಸರಿಯಾಗಿ ಗಾಳ ಬೀಳೋ ಜಾಗದಲ್ಲೇ ನೀರು ಬಡಿಯೋಕೆ ಶುರು ಮಾಡಿದ್ರು. ಬೈಲಿಲ್ಲ, ಹೊಡೀಲಿಲ್ಲ, ಸುಮ್ನೆ ಹುಟ್ಟಲ್ಲಿ ನೀರು ಬಡಿಯೋದು ಅಷ್ಟೇ, ಇನ್ನು ಯಾವ ಮೀನು ಗಾಳ ಕಚ್ಚುತ್ತೆ ಹೇಳಿ. ಜೀಪು ಬಂತು, ಎರಡೂ ಕಡೆಯೋರ್ನ ಸೇರಿಸಿದ್ರು. ಸಂಘದ ಅಧ್ಯಕ್ಷರು ವಯಸ್ಸಾದವ್ರು, ನನ್ನ ಕಡೆ ತಿರುಗಿ ಅಂದ್ರು, "ಅಲ್ಲಾ ಲಾಯರ್ ಸಾಹೇಬ್ರೆ, ನಿಮ್ಮ ತೋಟದಲ್ಲಿ ಕಾಫಿ ಕುಯ್ಯೋ ಕಾಂಪಿಟೇಷನ್ ಇಟ್ಟು, ಕುಯ್ದಿದ್ದನ್ನೂ ಹೊತ್ಕೊಂಡು ಹೋಗಿ, ಪ್ರೈಜೂ ಅವ್ರೇ ಹಂಚ್ಕೊಂಡ್ರೆ ನೀವು ಸುಮ್ನಿರ್ತೀರಾ?" ನಾನು ಹೋಗಿದ್ದು ಹುಡುಗ್ರ ಪರವಾಗಿ, ಆದ್ರೂ ಆ ಮಾತಿಗೆ ಎದುರು ಮಾತು ನನ್ನ ಹತ್ರ ಇರ್ಲಿಲ್ಲ. ಕೊನೆಗೆ ಜೀಪ್ ಬಾನೆಟ್ ಮೇಲೇ ಕಾಗದ ಬರೆದ್ವಿ, ಎಂಟ್ರಿ ಫೀಸಲ್ಲಿ ಒಂದು ಪಾಲು ಸಂಘಕ್ಕೆ, ಹಿಡಿದ ಮೀನೆಲ್ಲ ತೂಕ ಆದ್ಮೇಲೆ ಸಂಘಕ್ಕೇ ವಾಪಸ್ಸು, ಬೇಕಾದವ್ರು ಅವ್ರ ಹತ್ರ ಕೆಜಿ ಲೆಕ್ಕದಲ್ಲಿ ದುಡ್ಡು ಕೊಟ್ಟು ತಗೋಬೇಕು.

ಇದನ್ನೇ ಹದಿನೈದು ದಿನ ಮೊದ್ಲು ಮಾಡಿದ್ರೆ ಆಗ್ತಿತ್ತಲ್ವಾ. ಮೊದಲ ಸಹಿ ಗುತ್ತಿಗೆದಾರರದ್ದು, ಅದೂ ಸಂಘದ ರೆಸಲ್ಯೂಷನ್ ಸಮೇತ. ಎರಡನೇದು ಮೀನುಗಾರಿಕೆ ಇಲಾಖೆಯ ತಾಲ್ಲೂಕು ಸಹಾಯಕ ನಿರ್ದೇಶಕರದ್ದು, ಯಾಕಂದ್ರೆ ನಾನು ಓದಿರೋ ಗುತ್ತಿಗೆ ಕರಾರುಗಳಲ್ಲಿ ಒಳಗುತ್ತಿಗೆ ಕೊಡಬಾರದು ಅಂತ ಒಂದು ಷರತ್ತು ಇದ್ದೇ ಇರುತ್ತೆ, ದುಡ್ಡು ತಗೊಂಡು ಒಂದು ದಿನಕ್ಕೆ ಬಿಟ್ಟುಕೊಟ್ರೂ ಅದು ಒಳಗುತ್ತಿಗೇನೇ ಅಂತ ವಿರೋಧಿ ಬಣದವ್ರು ಅರ್ಜಿ ಹಾಕಿದ್ರೆ ಪಾಪ ಸಂಘದ ಗುತ್ತಿಗೇನೇ ಹೋಗಬಹುದು. ಜಲಾಶಯ ಆದ್ರೆ ಕಾವೇರಿ ನೀರಾವರಿ ನಿಗಮದ್ದೂ ಬೇಕು, ಮೀನು ಒಬ್ಬರದ್ದು, ನೀರು ಇನ್ನೊಬ್ಬರದ್ದು, ದಡ ಮತ್ತೊಬ್ಬರದ್ದು. ಪೊಲೀಸ್ನೋರದ್ದು ಇವೆಲ್ಲ ಆದ್ಮೇಲೆ ಕೊನೇದು.

ಮೀನು ಕದ್ರು ಅಂತ ಕಳ್ಳತನದ ಕೇಸ್ ಹಾಕ್ತೀವಿ ಅಂತ ಹೆದರಿಸೋರೂ ಇದಾರೆ. ಅದು ಎಲ್ಲಾ ಕಡೆ ನಿಲ್ಲಲ್ಲ. ಹರಿಯೋ ಹೊಳೇಲಿ ತನ್ನ ಪಾಡಿಗೆ ಓಡಾಡೋ ಮೀನು ಯಾರ ಸ್ವಾಧೀನದಲ್ಲೂ ಇರಲ್ಲ, ಸ್ವಾಧೀನ ಇಲ್ಲದ ಕಡೆ ಕಳ್ಳತನ ಇಲ್ಲ. ಸುತ್ತ ಕಟ್ಟಿರೋ ಹೊಂಡ, ಮರಿ ಬಿಟ್ಟು ಸಾಕಿರೋ ಕೊಳ ಆದ್ರೆ ಕಳ್ಳತನ ಆಗುತ್ತೆ. ಹಂಗಂತ ಹೊಳೇಲಿ ಏನು ಬೇಕಾದ್ರೂ ಮಾಡಬಹುದು ಅಂತಲ್ಲ, ಮೀನುಗಾರಿಕೆ ಕಾಯ್ದೆ ಅಲ್ಲೂ ಇದೆ, ತೋಟೆ ಹಾಕೋದು, ಅಂದ್ರೆ ನೀರಲ್ಲಿ ಸಿಡಿಮದ್ದು ಸಿಡಿಸೋದು, ವಿಷ ಹಾಕೋದು ಅಂತೂ 1897ರ ಬ್ರಿಟಿಷರ ಕಾಲದ ಕಾಯ್ದೆಯಿಂದ್ಲೂ ಅಪರಾಧ.

ಕಾಡಿನ ವಿಷಯ ಬೇಗ ಹೇಳಿ ಮುಗಿಸ್ತೀನಿ, ಅಲ್ಲಿ ಚರ್ಚೆಗೆ ಜಾಗ ಇಲ್ಲ. ಭದ್ರಾ ಅಭಯಾರಣ್ಯದ ಒಳಗಿನ ಹಿನ್ನೀರು, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಹೊಳೆಗಳು, ಇಲ್ಲೆಲ್ಲ 1972ರ ವನ್ಯಜೀವಿ ಕಾಯ್ದೆ ಬರುತ್ತೆ, ಅದ್ರಲ್ಲಿ ಪ್ರಾಣಿ ಅಂದ್ರೆ ಮೀನೂ ಸೇರುತ್ತೆ. ಹಿಡಿದು ವಾಪಸ್ ಬಿಡ್ತೀವಿ ಸಾರ್ ಅನ್ನೋದು ಉತ್ತರ ಅಲ್ಲ. ಭೀಮೇಶ್ವರಿ, ಗಾಲಿಬೋರೆ ಕಡೆ ಕಾವೇರೀಲಿ ಬಿಳಿಮೀನಿಗೆ, ಅದೇ ಮಹಶೀರ್‌ಗೆ, ದೇಶ ವಿದೇಶದವ್ರು ಬಂದು ಗಾಳ ಹಾಕ್ತಿದ್ರು, ಹಿಡಿದು ಬಿಡೋ ಪದ್ಧತಿನೇ ಇತ್ತು, ಆದ್ರೂ ಅಭಯಾರಣ್ಯದ ಒಳಗೆ ಅಂತ ಅದನ್ನೂ ನಿಲ್ಲಿಸಿದ್ರು. ಅದ್ರಿಂದ ಮೀನಿಗೆ ಒಳ್ಳೇದಾಯ್ತಾ ಕೆಟ್ಟದಾಯ್ತಾ ಅನ್ನೋ ವಾದ ಇನ್ನೂ ನಡೀತಿದೆ, ಗಾಳದವ್ರು ದಡದಲ್ಲಿ ಇದ್ದಾಗ ತೋಟೆ ಹಾಕೋರು ಹತ್ರ ಬರ್ತಿರ್ಲಿಲ್ಲ ಅನ್ನೋದ್ರಲ್ಲಿ ನಿಜ ಇದೆ ಅಂತ ನನಗೂ ಅನ್ಸುತ್ತೆ, ಆದ್ರೆ ಕಾವೇರಿಯ ಆ ದೊಡ್ಡ ಬಿಳಿಮೀನು 2018ರಿಂದ ಅಳಿವಿನ ಅಂಚಿನ ಪಟ್ಟೀಲಿ ಎಲ್ಲಕ್ಕಿಂತ ಮೇಲಿನ ಸಾಲಲ್ಲಿದೆ, ಹಂಗಾಗಿ ಕೋರ್ಟಲ್ಲಿ ಆ ವಾದ ಹೇಳೋಕೆ ನನ್ನನ್ನ ಕರೀಬೇಡಿ. ಇನ್ನು ಶೃಂಗೇರಿ ತುಂಗೆಯ ದೇವರ ಮೀನು, ಅರಕಲಗೂಡು ರಾಮನಾಥಪುರದ ಕಾವೇರಿಯ ಮೀನು, ಅಲ್ಲಿ ಗಾಳ ಬಿಟ್ರೆ ಕಾನೂನು ಬರೋ ತನಕ ಊರಿನವ್ರು ಕಾಯಲ್ಲ.

ಮಳೆಗಾಲ ಶುರುವಾಗೋ ಹೊತ್ತಲ್ಲೂ ಸ್ಪರ್ಧೆ ಇಡಬೇಡಿ. ಮಲೆನಾಡಲ್ಲಿ ಹತ್ತುಮೀನು ಹೊಡೆಯೋದು ಹಳೇ ಚಟ ನಿಜ, ಆದ್ರೆ ಹೊಸನೀರಿಗೆ ಏರಿ ಬರೋದು ಮೊಟ್ಟೆ ತುಂಬಿರೋ ಮೀನು, ಆ ಟೈಮಲ್ಲಿ ಇಲಾಖೆಯವ್ರು ಸಹಿ ಹಾಕಲ್ಲ, ಹಾಕಬಾರದು.

ಈಗ ಸ್ಪರ್ಧೆ ಒಳಗಿನ ಜಗಳಕ್ಕೆ ಬರೋಣ, ಇದು ನನಗೆ ಇಷ್ಟದ ಭಾಗ. ಪಕ್ಕದವನ ದಾರ ನನ್ನ ದಾರಕ್ಕೆ ಸುತ್ಕೊಳ್ತು, ಅವನು ಮೂರು ಗಾಳ ಹಾಕಿದಾನೆ, ಬೆಂಗಳೂರಿನವನು ಹಿಂಡಿ ರಾಗಿಹಿಟ್ಟು ಕೆಜಿಗಟ್ಲೆ ಚೆಲ್ಲಿ ಮೀನನ್ನೆಲ್ಲ ಅವನ ಕಡೆ ಎಳ್ಕೊಂಡ, ಇವೆಲ್ಲ ಸೀಟಿ ಊದೋನು ಗಟ್ಟಿಯಾಗಿದ್ರೆ ಅಲ್ಲೇ ಮುಗಿಯೋ ಗಲಾಟೆ. ಮುಗೀದೇ ಇರೋದು ತಕ್ಕಡಿ ಹತ್ರದ ಗಲಾಟೆ. ಹಿಂದಿನ ದಿನ ಬಲೇಲಿ ಬಿದ್ದ ಮೀನನ್ನ ದುಡ್ಡು ಕೊಟ್ಟು ತಗೊಂಡು, ಚೀಲದಲ್ಲಿ ನೀರಲ್ಲಿ ಮುಳುಗಿಸಿಟ್ಟು, ಮಧ್ಯಾಹ್ನ ಎತ್ಕೊಂಡು ಬರೋದು.

ಇದನ್ನ ಹಿಡಿಯೋದು ಕಷ್ಟ ಅಲ್ಲ, ನನಗೆ ಒಬ್ಬ ಹಳೇ ಬೆಸ್ತರ ಯಜಮಾನ್ರು ತೋರಿಸಿಕೊಟ್ರು. ಮೀನನ್ನ ಕೈಲಿ ಹಿಡಿದು ಬಿಸಿಲಿಗೆ ಓರೆ ಮಾಡಬೇಕು. ಬಲೆಗೆ ಬಿದ್ದ ಮೀನು ಬಲೆಯ ಕಣ್ಣಿಂದ ಬಿಡಿಸ್ಕೊಳ್ಳೋಕೆ ಒದ್ದಾಡಿರುತ್ತೆ, ಅದಕ್ಕೆ ಕಿವಿರಿನ ಹಿಂದೆ, ಬೆನ್ನಿನ ರೆಕ್ಕೆ ಮುಂದೆ, ಸುತ್ತಲೂ ದಾರ ಒತ್ತಿದ ಗೆರೆ ಬಿದ್ದಿರುತ್ತೆ, ಆ ಸಾಲಲ್ಲಿ ಹುರುಪೆ ಕಿತ್ತಿರುತ್ತೆ. ಆಮೇಲೆ ತುಟಿ ನೋಡಬೇಕು, ಗಾಳಕ್ಕೆ ಬಿದ್ದಿದ್ರೆ ತೂತು ಇರಬೇಕು, ಆ ತೂತಿನ ಸುತ್ತ ರಕ್ತ ಕಟ್ಟಿರಬೇಕು. ಸತ್ತ ಮೇಲೆ ಚುಚ್ಚಿದ ತೂತು ಬೆಳ್ಳಗೆ ಬಿಟ್ಕೊಂಡಿರುತ್ತೆ. ಕಿವಿರು ಎತ್ತಿದ್ರೆ ತಾಜಾ ಮೀನಿಂದು ಕೆಂಪು, ನಿನ್ನೇದು ಕಂದು. ಇಷ್ಟು ನೋಡೋಕೆ ಎರಡು ನಿಮಿಷ ಸಾಕು, ತೀರ್ಪುಗಾರರ ಟೇಬಲ್ಲಲ್ಲಿ ರಾಜಕೀಯದವ್ರ ಬದಲು ಇಂಥ ಒಬ್ಬ ಯಜಮಾನ್ರನ್ನ ಕೂರಿಸಿದ್ರೆ ಅರ್ಧ ತಕರಾರು ಹುಟ್ಟೋದೇ ಇಲ್ಲ.

ದುಡ್ಡು ದೊಡ್ಡದಾದಷ್ಟೂ ಮೋಸ ದೊಡ್ಡದು. ಅಮೆರಿಕದ ಓಹಾಯೋ ರಾಜ್ಯದಲ್ಲಿ, ಇರೀ ಸರೋವರದ ವಾಲೈ ಮೀನಿನ ಪಂದ್ಯದಲ್ಲಿ, 2022ರ ಸೆಪ್ಟೆಂಬರ್ 30ರಂದು ಇಬ್ಬರು ಗೆದ್ದೇ ಬಿಟ್ರು ಅನ್ನೋ ಹೊತ್ತಿಗೆ ಪಂದ್ಯ ನಡೆಸೋನಿಗೆ ಅನುಮಾನ ಬಂತು, ನೋಡೋಕೆ ನಾಕು ಪೌಂಡಿನ ಮೀನು ತಕ್ಕಡೀಲಿ ಏಳರ ಹತ್ರ ತೂಗ್ತಿದೆ. ಅಲ್ಲೇ ಎಲ್ಲರ ಮುಂದೆ ಹೊಟ್ಟೆ ಸೀಳಿದ, ಒಳಗಿಂದ ಸೀಸದ ಗುಂಡುಗಳು ಬಿದ್ವು, ಜೊತೆಗೆ ಬೇರೆ ಮೀನಿನ ಮಾಂಸದ ತುಂಡು. ಮುಂದಿನ ವರ್ಷ ಇಬ್ಬರೂ ಕೋರ್ಟಲ್ಲಿ ತಪ್ಪೊಪ್ಪಿಕೊಂಡ್ರು, 10 ದಿನ ಜೈಲು, ಮೀನು ಹಿಡಿಯೋ ಲೈಸೆನ್ಸ್ 3 ವರ್ಷ ಅಮಾನತು, ಬೋಟೂ ಹೋಯ್ತು. ಆ ದೇಶದಲ್ಲಿ ಮಿನ್ನೆಸೋಟ, ವಿಸ್ಕಾನ್ಸಿನ್ ತರದ ರಾಜ್ಯಗಳಲ್ಲಿ ದೊಡ್ಡ ಪಂದ್ಯ ಇಡೋಕೆ ರಾಜ್ಯದಿಂದ ಬೇರೆ ಪರ್ಮಿಟ್ಟೇ ಬೇಕು, ಟೆಕ್ಸಾಸಲ್ಲಿ ಪಂದ್ಯದಲ್ಲಿ ಮೋಸ ಮಾಡೋದಕ್ಕೇ ಅಂತ ಪ್ರತ್ಯೇಕ ಅಪರಾಧ ಇದೆ. ನಮ್ಮಲ್ಲಿ ಹಂಗೆ ಮಾಡಿ ಬಹುಮಾನದ ದುಡ್ಡು ತಗೊಂಡ್ರೆ ಭಾರತೀಯ ನ್ಯಾಯ ಸಂಹಿತೆಯ 318(4), ಹಳೇ 420, ಅದು ಸಾಕು.

ಅದಕ್ಕೇ ನಾನು ಹೇಳೋದು ತೂಕ ಬಿಡಿ, ಉದ್ದ ಅಳೀರಿ. ಸೀಸ ನುಂಗಿಸಿದ್ರೆ ಮೀನು ಉದ್ದ ಆಗಲ್ಲ. ಒಂದು ಮರದ ಹಲಗೆ, ಒಂದು ತುದಿಗೆ ಅಡ್ಡಪಟ್ಟಿ, ಮೇಲೆ ಸೆಂಟಿಮೀಟರ್ ಗುರುತು, ಮೀನಿನ ಬಾಯಿ ಮುಚ್ಚಿ ಅಡ್ಡಪಟ್ಟಿಗೆ ತಾಗಿಸಿ ಬಾಲ ಎಲ್ಲಿಗೆ ಬರುತ್ತೋ ಅದು ಲೆಕ್ಕ, ಫೋಟೋ ತೆಗೆದು ಮೀನನ್ನ ಜೀವಂತ ವಾಪಸ್ ಬಿಡಬಹುದು. ಸಂಘದವ್ರಿಗೂ ಅವರ ಮೀನು ಉಳೀತು. ಬಾಡೂಟಕ್ಕೆ ಮೀನು ಬೇಕು ಅನ್ನೋರಿಗೆ ಇದು ಸೇರಲ್ಲ ಅಂತ ಗೊತ್ತು, ಅವ್ರು ಸಂತೇಲಿ ತಗೊಳ್ಳಲಿ.

ಎಂಟ್ರಿ ಫೀಸ್ ತಗೊಂಡು ಬಹುಮಾನ ಕೊಟ್ರೆ ಜೂಜು ಆಗಲ್ವಾ ಅಂತ ಕೇಳ್ತಾರೆ. ಕರ್ನಾಟಕ ಪೊಲೀಸ್ ಕಾಯ್ದೆಯ 176ನೇ ಕಲಂ ಕೌಶಲ್ಯದ ಆಟಗಳಿಗೆ ರಕ್ಷಣೆ ಕೊಡುತ್ತೆ, ಗಾಳ ಹಾಕೋದ್ರಲ್ಲಿ ಅದೃಷ್ಟ ಇದ್ರೂ ಕೈಚಳಕವೇ ಜಾಸ್ತಿ ಅಂತ ವಾದ ಮಾಡೋಕೆ ನಾನು ರೆಡಿ. ಆದ್ರೆ ಏರಿ ಮೇಲೆ ನಿಂತು ನೋಡೋರು ಬೆಟ್ಟಿಂಗ್ ಕಟ್ಟಿದ್ರೆ, ಇಲ್ಲಾ ಬರೀ ಕೂಪನ್ ಮಾರಿ ಲಕ್ಕಿ ಡಿಪ್ ಎತ್ತಿದ್ರೆ ಆ ರಕ್ಷಣೆ ಸಿಗಲ್ಲ, ಕೂಪನ್ನು ಲಾಟರಿ ಆಗುತ್ತೆ.

ಇನ್ನೊಂದು, ಶನಿವಾರ ಸಂಜೆ ಯಾರೋ ತಡೆಯಾಜ್ಞೆ ತಂದು ಕೈಗಿಟ್ರು ಸಾರ್ ಅಂತ ಗಾಬರಿಯಾಗಿ ಬರೋರಿಗೆ. ಊರಲ್ಲಿ ಎದುರು ಪಾರ್ಟಿ ಇದೆ ಅಂತ ಗೊತ್ತಿದ್ರೆ ಮೊದ್ಲೇ ಸಿವಿಲ್ ಕೋರ್ಟಲ್ಲಿ ಕೇವಿಯೆಟ್ ಹಾಕಿಡಿ, 90 ದಿನ ನಡೆಯುತ್ತೆ, ಅಷ್ಟರೊಳಗೆ ಅವ್ರು ತಡೆಯಾಜ್ಞೆಗೆ ಬಂದ್ರೆ ಕೋರ್ಟು ನಿಮಗೂ ನೋಟಿಸ್ ಕೊಡಬೇಕು. ಖರ್ಚು ಫ್ಲೆಕ್ಸಿಗಿಂತ ಕಡಿಮೆ. ಎಂಟ್ರಿ ಫಾರಂನಲ್ಲಿ ಮಳೆ ಬಂದ್ರೆ, ಡ್ಯಾಮ್ ಗೇಟ್ ತೆಗೆದ್ರೆ, ಕೋರ್ಟ್ ತಡೆದ್ರೆ ದುಡ್ಡು ವಾಪಸ್ಸೋ ಇನ್ನೊಂದು ದಿನವೋ ಅಂತ ಒಂದು ಸಾಲು ಬರೀರಿ, ಬಲೆ ಹರಿದ್ರೆ ಯಾರು ಕಟ್ಟಿಕೊಡಬೇಕು ಅಂತ ಇನ್ನೊಂದು ಸಾಲು. ನನ್ನ ಟೇಬಲ್ ಮೇಲೆ ಈಗ ಇರೋ ಫೈಲು ಈ ಎರಡನೇ ಸಾಲು ಬರೀದೇ ಇದ್ದಿದ್ದಕ್ಕೇ, ದುಬಾರಿ ರೀಲಿನ ಗಾಳ ಸಿಕ್ಕಾಕ್ಕೊಂಡು ಎಳೆದ ರಭಸಕ್ಕೆ ಒಬ್ಬರ ಬಲೆ ಉದ್ದಕ್ಕೂ ಸೀಳಿ ಹೋಗಿದೆ, ಗಾಳದವ್ನು ಹೇಳ್ತಾನೆ ಅಲ್ಲಿ ಬಲೆ ಇರಬಾರದಿತ್ತು ಅಂತ, ಬಲೆಯವ್ನು ಹೇಳ್ತಾನೆ ಅಲ್ಲಿ ಗಾಳ ಬರಬಾರದಿತ್ತು ಅಂತ.