ಕೀಲಿ ತೆಗೆದ ಮೇಲೂ ತೆರೆಯಬೇಕಾದ ಬಾಗಿಲು

ಶಾಲೆಯ ಓಡಾಟದಿಂದ ನಿವೃತ್ತವಾದ ಬಸ್ಸನ್ನು ಕೊಂಡು ಮನೆಯಾಗಿಯೋ ಊರೂರು ಸುತ್ತುವ ಗ್ರಂಥಾಲಯವಾಗಿಯೋ ಮಾರ್ಪಡಿಸುವವರಿಗೆ ಸೀಟು ಕಿತ್ತು, ಬಣ್ಣ ಹೊಡೆಸಿದ ಮೇಲೂ ಉಳಿಯುವ ತೊಡಕು ಗಾಳಿಯಿಂದ ನಡೆಯುವ ಬಾಗಿಲಿನದು. ಹುಬ್ಬಳ್ಳಿ–ಧಾರವಾಡದವರು ಚಿಗರಿ ಬಸ್ಸಿನಲ್ಲಿ ದಿನವೂ ಕಾಣುವ ಬಾಗಿಲುಗಳಂತೆ ಇದನ್ನೂ ಚಾಲಕನೇ ತೆರೆದು ಮುಚ್ಚಲಿ ಎಂಬ ಲೆಕ್ಕದಲ್ಲಿ ಕೂರಿಸಿರುತ್ತಾರೆ. ಒಳಗೆ ಮಲಗುವವರನ್ನು ಆ ಲೆಕ್ಕದಲ್ಲಿ ಹಿಡಿದಿರುವುದಿಲ್ಲ.

ಬಾಗಿಲನ್ನು ತಳ್ಳುವುದು ಗಾಳಿ. ವಿದ್ಯುತ್ತು ಆ ಗಾಳಿಗೆ ದಾರಿ ತೋರಿಸುತ್ತದೆ, ಅಷ್ಟೆ. ಎಂಜಿನ್ನಿನ ಕಂಪ್ರೆಸರ್ ತುಂಬಿದ ಟ್ಯಾಂಕಿನಿಂದ ಬರುವ ಗಾಳಿಯನ್ನು ಸೊಲೆನಾಯ್ಡ್ ವಾಲ್ವು (ಕಾಯಿಲ್ ಎಂಬ ತಂತಿಸುರುಳಿಗೆ ಕರೆಂಟು ಹರಿದಾಗ ಅದರ ಅಯಸ್ಕಾಂತದ ಎಳೆತದಿಂದ ಗಾಳಿಯ ದಾರಿ ಬದಲಿಸುವ ವಾಲ್ವು) ಬಾಗಿಲು ತಳ್ಳುವ ಸಿಲಿಂಡರಿನ ಒಂದು ಬದಿಗೆ ಬಿಟ್ಟು, ಇನ್ನೊಂದು ಬದಿಯದನ್ನು ಹೊರಹಾಕುತ್ತದೆ. 50 ಮಿ.ಮೀ. ವ್ಯಾಸದ ಪಿಸ್ಟನ್ನಿನ ಮೇಲೆ 6 ಬಾರ್ ಒತ್ತಡ ಬಿದ್ದರೆ ಸುಮಾರು 120 ಕಿಲೋ ತೂಕದಷ್ಟು ಬಲ ಹುಟ್ಟುತ್ತದೆ.

ಒಂದೇ ಕಾಯಿಲ್ ಇರುವ ವಾಲ್ವಿನಲ್ಲಿ ವಿದ್ಯುತ್ತು ನಿಂತೊಡನೆ ಸ್ಪ್ರಿಂಗು ವಾಲ್ವನ್ನು ಹಿಂದಕ್ಕೆ ತಳ್ಳುತ್ತದೆ. ಆ ಸ್ಥಿತಿ ಬಾಗಿಲು ಮುಚ್ಚುವುದಾಗಿದ್ದು, ಕಾಯಿಲಿಗೆ ಕರೆಂಟು ಕೀಲಿಯ ಮೂಲಕವೇ ಬರುತ್ತಿದ್ದರೆ, ಕೀಲಿ ತೆಗೆದ ಬಸ್ಸಿನೊಳಗಿರುವವರು ಆ ಇಡೀ ಬಲದ ಎದುರು ಬಾಗಿಲು ನೂಕಬೇಕು. ಆದ್ದರಿಂದ ಎರಡು ಕಾಯಿಲಿನ ವಾಲ್ವೇ ಮೇಲೆಂಬುದು ನನ್ನ ಅಭಿಪ್ರಾಯ. ಕ್ಷಣಮಾತ್ರ ಕರೆಂಟು ಕೊಟ್ಟರೆ ಅದು ಸ್ಥಾನ ಬದಲಿಸಿ ಅಲ್ಲಿಯೇ ನಿಲ್ಲುತ್ತದೆ, ರಾತ್ರಿಯಿಡೀ ಬ್ಯಾಟರಿ ಹೀರುವುದಿಲ್ಲ. ಬ್ಯಾಟರಿಯಿಂದ ಪ್ರತ್ಯೇಕ ಫ್ಯೂಸಿನ ಮೂಲಕ ನೇರ ತಂತಿ ಎಳೆದು, ಒಳಗೊಂದು ಹೊರಗೊಂದು ಒತ್ತುಗುಂಡಿ ಇಟ್ಟರಾಯಿತು. ಆದರೆ ಹ್ಯಾಂಡ್‌ಬ್ರೇಕ್ ಹಾಕಿದಾಗಲಷ್ಟೇ ಅವು ಕೆಲಸ ಮಾಡುವಂತೆ ಜೋಡಿಸದಿದ್ದರೆ ಓಡುವ ಬಸ್ಸಿನಲ್ಲಿ ಮಗುವೊಂದು ಗುಂಡಿ ಒತ್ತಬಹುದು. ತಂತಿ ಏನೇ ಆಗಲಿ, ಸಿಲಿಂಡರಿನ ಎರಡೂ ಬದಿಯ ಗಾಳಿ ಖಾಲಿ ಮಾಡುವ ತುರ್ತು ಹಿಡಿಕೆಯನ್ನು ಮಾತ್ರ ಹೊಸ ಹಲಗೆಯ ಹಿಂದೆ ಮುಚ್ಚಬಾರದು.

ಬೆಳಿಗ್ಗೆ ಸರಿಯಾಗಿ ತೆರೆಯುವ ಬಾಗಿಲು ಮಧ್ಯಾಹ್ನ ಬರೀ 'ಟಕ್' ಎಂದು ಸುಮ್ಮನಾದರೆ ಎಲ್ಲರೂ ಗಾಳಿ ಸೋರಿಕೆ ಹುಡುಕುತ್ತಾರೆ. ಆದರೆ ಕಾದ ಕಾಯಿಲಿನ ಎಳೆತ ಕುಗ್ಗಿರುವುದೂ ಕಾರಣವಾಗಿರಬಹುದು. ಕಾಯಿಲಿನ ತಾಮ್ರದ ರೋಧ (ಕರೆಂಟಿಗೆ ಒಡ್ಡುವ ತಡೆ) ಪ್ರತಿ ಡಿಗ್ರಿಗೆ ಸುಮಾರು ಶೇ. 0.4ರಷ್ಟು ಏರುತ್ತದೆ, ಗದಗಿನ ಏಪ್ರಿಲ್ ಬಿಸಿಲಿನಲ್ಲಿ ಕಾಯಿಲು 50 ಡಿಗ್ರಿ ಹೆಚ್ಚು ಕಾದರೆ ರೋಧ ಶೇ. 20ರಷ್ಟು ಹೆಚ್ಚುತ್ತದೆ. ಕರೆಂಟು ಬಸ್ಸಿನ ಲೋಹದ ಮೈಯ ಮೂಲಕ ಬ್ಯಾಟರಿಗೆ ಮರಳುವ ಜೋಡಣೆಯ, ಅಂದರೆ ಬಾಡಿ ಅರ್ಥಿನ, ಬೋಲ್ಟು ತುಕ್ಕು ಹಿಡಿದು 24 ವೋಲ್ಟಿನ ಬದಲು 20 ಮಾತ್ರ ತಲುಪಿತೆನ್ನಿ. ಎಳೆತ ಸರಿಸುಮಾರು ಕರೆಂಟಿನ ವರ್ಗವನ್ನು ಅನುಸರಿಸುವುದರಿಂದ, ಎರಡೂ ಕೂಡಿದಾಗ ಅರ್ಧದಷ್ಟು ಬಲವೂ ಉಳಿಯುವುದಿಲ್ಲ. ಹುಬ್ಬಳ್ಳಿಯ ಗೋಕುಲ ರಸ್ತೆಯ ಅನುಭವಿ ಎಲೆಕ್ಟ್ರಿಷಿಯನ್ನರು ವಾಲ್ವು ಬಿಚ್ಚುವ ಮೊದಲು ಅರ್ಥಿನ ಬುಡ ಕೆರೆದು ನೋಡುವುದು ಸುಮ್ಮನೆ ಅಲ್ಲ. ಕಾಯಿಲಿಗೆ ಅಡ್ಡಲಾಗಿ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡನ್ನೂ ಹಾಕಬೇಕು. ಇಲ್ಲದಿದ್ದರೆ ಸ್ವಿಚ್ ಬಿಟ್ಟಾಗಲೆಲ್ಲ ನೂರಾರು ವೋಲ್ಟಿನ ಕಿಡಿ ಹಾರಿ ಸ್ವಿಚ್ಚಿನ ಪಾಯಿಂಟುಗಳು ಸುಡುತ್ತವೆ.

ಬಾಗಿಲಿಗೆ ಗಾಳಿಯನ್ನು ಬ್ರೇಕಿನ ಟ್ಯಾಂಕಿನಿಂದ ನೇರವಾಗಿ ಕದಿಯುವಂತಿಲ್ಲ. ಬ್ರೇಕಿಗೆ ಸಾಕಷ್ಟು ಒತ್ತಡ ಉಳಿಸಿಕೊಡುವ ರಕ್ಷಣಾ ವಾಲ್ವಿನ ಆಚೆಯಿಂದಲೇ ಪೈಪು ತೆಗೆಯಬೇಕು. ಇನ್ನು, ಎಷ್ಟೇ ಬಿಗಿಮಾಡಿದರೂ ಒಂದೆರಡು ದಿನ ನಿಂತ ಬಸ್ಸಿನ ಗಾಳಿ ಸೋರಿ ಬಾಗಿಲು ಸಡಿಲಾಗುತ್ತದೆ. ಹಾಗಾಗಿ ಒಳಗಿನಿಂದ ಕೈಯಲ್ಲೇ ತೆರೆಯಬಹುದಾದ ಸಾದಾ ಚಿಲಕವೊಂದನ್ನು ಹಾಕಿಸಲೇಬೇಕು.