ಬೇಜಾರಾದಾಗ ಯಾವ ರಾಗ ಕೇಳ್ಬೇಕು?

ಪ್ರಶ್ನೆ: ಮನಸ್ಸು ಸರಿ ಇಲ್ದಾಗ ಕ್ಲಾಸಿಕಲ್ ಕೇಳಿ ಅಂತಾರೆ. ನಾನೂ ಟ್ರೈ ಮಾಡ್ದೆ, ಐದು ನಿಮಿಷಕ್ಕೆ ತೂಕಡಿಕೆ ಬರುತ್ತೆ, ಇಲ್ಲಾ ಇನ್ನೂ ಬೇಜಾರಾಗುತ್ತೆ. ಸಂಗೀತ ಕಲ್ತಿಲ್ಲ. ನನ್ನಂಥೋರಿಗೆ ಮನಸ್ಸು ಎದ್ದು ಕೂರೋ ಅಂಥ ರಾಗ ಯಾವ್ದು ಹೇಳಿ.

ಈ ಪ್ರಶ್ನೆ ತುಂಬಾ ಜನ ಕೇಳ್ತಾರೆ, ಉತ್ತರ ಹೇಳೋರು ಸಾಮಾನ್ಯವಾಗಿ ಮೋಹನ ಕೇಳಿ, ಹಂಸಧ್ವನಿ ಕೇಳಿ, ಬಿಲಹರಿ ಕೇಳಿ ಅಂತ ರಾಗದ ಪಟ್ಟಿ ಕೊಟ್ಬಿಡ್ತಾರೆ. ಪಟ್ಟಿ ತಪ್ಪೇನಲ್ಲ. ಆದ್ರೆ ಅದೇ ಮೋಹನದಲ್ಲಿ ಇಪ್ಪತ್ತು ನಿಮಿಷ ನಿಧಾನಕ್ಕೆ ಆಲಾಪನೆ, ಅಂದ್ರೆ ಸಾಹಿತ್ಯ ಇಲ್ದೆ ಬರೀ ರಾಗ ಬೆಳೆಸೋದು, ಮಾಡಿರೋ ಕಚೇರಿ ರೆಕಾರ್ಡಿಂಗ್ ನಿಮ್ಮ ಕೈಗೆ ಸಿಕ್ತು ಅಂದ್ಕೊಳ್ಳಿ, ತೂಕಡಿಕೆ ಬರೋದು ಸಹಜ, ಅದ್ರಲ್ಲಿ ನಿಮ್ ತಪ್ಪೂ ಇಲ್ಲ ರಾಗದ ತಪ್ಪೂ ಇಲ್ಲ. ಇಷ್ಟು ವರ್ಷ ಕೇಳಿ ನಂಗೆ ಅನ್ಸಿರೋದು, ಕುಗ್ಗಿದ ಮನಸ್ಸನ್ನ ಎಬ್ಬಿಸೋದು ರಾಗದ ಹೆಸ್ರಲ್ಲ, ಹಾಡಿನ ನಡೆ. ಮಧ್ಯಮ ಕಾಲದಲ್ಲಿ, ಅಂದ್ರೆ ನಡು ವೇಗದಲ್ಲಿ, ಕಾಲು ಎತ್ತಿ ನಡೀತಾ ಇರೋ ಕೃತಿ ಬೇಕು, ಓಡೋದೂ ಬೇಡ ಕೂತ್ಕೊಳ್ಳೋದೂ ಬೇಡ.

ನನ್ನ ಮೊದಲ ಆಯ್ಕೆ ಮೈಸೂರು ವಾಸುದೇವಾಚಾರ್ಯರ 'ಬ್ರೋಚೇವಾರೆವರುರಾ', ಖಮಾಚ್ ರಾಗ, ಆದಿತಾಳ. ಶಂಕರಾಭರಣಂ ಸಿನಿಮಾ ನೋಡಿದ್ರೆ ಅದ್ರಲ್ಲಿ ಕೇಳೇ ಇರ್ತೀರಿ. ಇದರ ಸಾಹಿತ್ಯ ನೋಡಿದ್ರೆ ಖುಷಿಯ ಮಾತೇ ಇಲ್ಲ, ನೀನಲ್ದೆ ನನ್ನನ್ನ ಕಾಯೋರು ಯಾರಪ್ಪಾ ರಘುವರ ಅಂತ ಶುರು, ಚರಣಕ್ಕೆ ಬಂದ್ರೆ ನನ್ನ ಮೇಲೆ ನಿಂಗೆ ಅಭಿಮಾನ ಇಲ್ವಾ ಅಂತ ಸೀತಾಪತಿ ರಾಮನನ್ನೇ ಕೇಳ್ತಾರೆ. ಪೂರ್ತಿ ಅಳಲು. ಆದ್ರೆ ಆ ಅಳಲು ಹಾಡಿನೊಳಗೆ ಕುಸಿದು ಕೂರಲ್ಲ, ನಡ್ಕೊಂಡು ಹೋಗ್ತಾನೇ ಕೇಳುತ್ತೆ. ಪಲ್ಲವಿ ಆದ್ಮೇಲಿನ ಭಾಗ ಅನುಪಲ್ಲವಿ, ಅದು ಮುಗಿದ್ಮೇಲೆ ಚಿಟ್ಟೆಸ್ವರ ಬರುತ್ತೆ, ಅಂದ್ರೆ ಮಾತೆಲ್ಲ ನಿಂತು ಬರೀ ಸರಿಗಮ, ಸ್ವರಗಳು ಒಂದರ ಹಿಂದೆ ಒಂದು ಮೆಟ್ಟಿಲು ಇಳಿದು ಹತ್ತಿ ತಿರುಗಿ ಪಲ್ಲವಿಗೆ ಬಂದು ಸೇರ್ಕೊಳ್ತವೆ. ಆ ಸೇರ್ಕೊಳ್ಳೋ ಜಾಗ ಇದ್ಯಲ್ಲ, ಅಲ್ಲಿ ಎದೆ ಒಂದು ಚೂರು ಹಗುರ ಆಗುತ್ತೆ, ನೂರು ಸಲ ಕೇಳಿದ್ರೂ ಆಗುತ್ತೆ.

ಅಪ್ಪ ಹೋದ್ಮೇಲೆ ನಮ್ಮನೇಲಿ ಅಮ್ಮ ತಿಂಗಳುಗಟ್ಟಲೆ ರೇಡಿಯೋ ಹಾಕ್ಲಿಲ್ಲ. ನಾನು ಏನೂ ಹೇಳ್ದೆ ಬೆಳಗ್ಗೆ ಕಾಫಿ ಹೊತ್ತಿಗೆ ಫೋನಲ್ಲಿ ಸಣ್ಣ ಸೌಂಡಲ್ಲಿ ಈ ಕೃತಿ ಹಾಕಿ ಅಡುಗೆಮನೆ ಕಟ್ಟೆ ಮೇಲೆ ಇಟ್ಬಿಡ್ತಿದ್ದೆ. ಹತ್ತೋ ಹನ್ನೆರಡೋ ದಿನ ಆದ್ಮೇಲೆ ಒಂದಿನ ನೋಡ್ತೀನಿ, ಹಾಲು ಕಾಯೋಕೆ ಇಟ್ಟು ಒಲೆ ಮುಂದೆ ನಿಂತಿರೋ ಅಮ್ಮನ ಬಲಗೈ ಸೀರೆ ನೆರಿಗೆ ಹತ್ರ ತಾಳ ಹಾಕ್ತಿದೆ, ಚಿಟ್ಟೆಸ್ವರ ಬಂದಾಗ ತುಟಿನೂ ಅಲ್ಲಾಡ್ತಿದೆ. ನಾನು ಬಾಗ್ಲಲ್ಲೇ ನಿಂತ್ಕೊಂಡೆ, ಒಳಗೆ ಹೋಗ್ಲಿಲ್ಲ.

ತಾಳದ ವಿಷ್ಯ ಬಂತಲ್ಲ, ನಿಮ್ ತೂಕಡಿಕೆಗೆ ಮದ್ದು ಅಲ್ಲೇ ಇದೆ. ಸುಮ್ನೆ ಕೂತು ಕೇಳ್ಬೇಡಿ. ಆದಿತಾಳ ಕಲಿಯೋಕೆ ಐದು ನಿಮಿಷ ಸಾಕು: ತೊಡೆ ಮೇಲೆ ಒಂದು ಏಟು, ಆಮೇಲೆ ಕಿರುಬೆರಳು, ಉಂಗುರ ಬೆರಳು, ನಡುಬೆರಳು ಎಣಿಕೆ, ಆಮೇಲೆ ಒಂದು ಏಟು, ಕೈ ತಿರುಗಿಸಿ ಬೀಸು, ಮತ್ತೆ ಏಟು, ಬೀಸು. ಒಟ್ಟು 8 ಎಣಿಕೆ. ಹಾಡು ಸರಿಯಾಗಿ ಏಟಿನ ಮೇಲೇ ಶುರು ಆಗ್ಬೇಕು ಅಂತೇನಿಲ್ಲ, ಗಾಬರಿ ಆಗ್ಬೇಡಿ, ಮೃದಂಗ ಕೇಳ್ತಾ ಕೇಳ್ತಾ ಕೈ ತಾನೇ ಹೊಂದ್ಕೊಳ್ಳುತ್ತೆ. ಕೈಗೆ ಕೆಲ್ಸ ಸಿಕ್ಕಾಗ ತಲೇಲಿ ಅದೇ ಚಿಂತೆ ಸುತ್ತೋದು ಸ್ವಲ್ಪ ಹೊತ್ತಾದ್ರೂ ನಿಲ್ಲುತ್ತೆ, ನಂಗಂತೂ ನಿಂತಿದೆ.

ಎರಡನೇದು ವಾಸುದೇವಾಚಾರ್ಯರ ಗುರುಗಳದ್ದೇ. ವಾಸುದೇವಾಚಾರ್ಯರು ಮೈಸೂರು ಅರಮನೆ ಸಹಾಯದಿಂದ ತಿರುವೈಯಾರಿಗೆ ಹೋಗಿ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಹತ್ರ ಕಲ್ತರು, ಆ ಅಯ್ಯರ್ ಅವರ ಕೃತಿ 'ರಘುವಂಶ ಸುಧಾ', ರಾಗ ಕದನಕುತೂಹಲ. ಈ ರಾಗನ ಸೃಷ್ಟಿ ಮಾಡಿದ್ದೂ ಅವರೇ ಅಂತಾರೆ. ಹೆಸ್ರೇ ನೋಡಿ, ಕಾದಾಡೋಕೆ ಉತ್ಸಾಹದಲ್ಲಿರೋದು. ಆರೋಹಣ ಸ ರಿ ಮ ದ ನಿ ಗ ಪ ಸ, ಅಂದ್ರೆ ಸ್ವರಗಳು ಸಾಲಾಗಿ ಮೇಲೆ ಹೋಗಲ್ಲ, ಗ ಬಿಟ್ಟು ಮ, ಪ ಬಿಟ್ಟು ದ, ಆಮೇಲೆ ಬಿಟ್ಟಿದ್ದನ್ನ ಹಿಡ್ಕೊಂಡು ಮತ್ತೆ ನೆಗೆಯುತ್ತೆ, ಕುಂಟೆಬಿಲ್ಲೆ ಆಡೋ ಮಗು ಥರ. ಗಮಕ, ಅಂದ್ರೆ ಸ್ವರನ ತೂಗಿಸಿ ಅಲುಗಿಸೋದು, ಕಡಿಮೆ, ಸ್ವರ ನೇರ ನೇರ ಬೀಳೋದ್ರಿಂದ ಬ್ಯಾಂಡ್ ಸಂಗೀತದ ಗುಣ ಬರುತ್ತೆ, ಕಲೀದೇ ಇರೋ ಕಿವಿಗೂ ತಕ್ಷಣ ಹತ್ತುತ್ತೆ. ಇದನ್ನ ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನಲ್ಲಿ ಕೇಳಿ. ನಾಗಸ್ವರದ ಮನೆತನದ ಹುಡ್ಗ, ಮೈಸೂರು ಅರಮನೆ ಬ್ಯಾಂಡಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾಗಿ, ಕರ್ನಾಟಕ ಸಂಗೀತಕ್ಕೆ ಅದನ್ನ ಪಳಗಿಸಿದೋರು, 2019ರಲ್ಲಿ ತೀರ್ಕೊಂಡ್ರು. ಅವರ ಉಸಿರಲ್ಲಿ ಈ ಕೃತಿ ಕೇಳಿದ್ರೆ ದೇವಸ್ಥಾನದ ಉತ್ಸವ ನಿಮ್ ಬೀದಿಗೇ ಬಂದಂಗಿರುತ್ತೆ.

ಹಂಸಧ್ವನಿ ಬಗ್ಗೆ ಜಾಸ್ತಿ ಹೇಳಲ್ಲ, ವಾತಾಪಿ ಗಣಪತಿಂ ಎಲ್ರಿಗೂ ಗೊತ್ತು. ಮ ಇಲ್ಲ ದ ಇಲ್ಲ, ಐದೇ ಸ್ವರ, ಬೆಳಗ್ಗೆ ಕಿಟಕಿ ತೆಗೆದಂಗೆ.

ಹಿಂದೂಸ್ಥಾನಿ ಬೇಕು ಅಂದ್ರೆ ಧಾರವಾಡದ ಮಲ್ಲಿಕಾರ್ಜುನ ಮನ್ಸೂರರಿಂದ ಶುರು ಮಾಡಿ. ಅವರದ್ದು ಜೈಪುರ ಅತ್ರೌಲಿ ಘರಾಣೆಯ ಹಾಡುವ ಶೈಲಿ, ಗಂಟೆಗಟ್ಟಲೆ ಆಲಾಪ ಇಲ್ಲ, ಬೇಗನೇ ಬಂದಿಶ್ ಅಂದ್ರೆ ಹಾಡಿನ ಸಾಲು ಹಿಡಿದು, ತಾನುಗಳನ್ನ ಅಂದ್ರೆ ವೇಗದ ಸ್ವರಮಾಲೆಗಳನ್ನ ಸುರುಳಿ ಸುರುಳಿಯಾಗಿ ಸುತ್ಕೊಂಡು ಹೋಗ್ತಾರೆ, ಅದಕ್ಕೇ ತೂಕಡಿಸೋರಿಗೆ ಅವರು ಒಳ್ಳೇದು. ಮುಪ್ಪಲ್ಲಿ ಹಾಡಿರೋ ರೆಕಾರ್ಡಿಂಗಲ್ಲೂ ಆ ಗಂಟಲಲ್ಲಿ ಇರೋ ಹುಮ್ಮಸ್ಸು ಕೇಳಿದ್ರೆ ನಮಗೂ ಎದ್ದು ಏನಾದ್ರೂ ಮಾಡೋಣ ಅನ್ಸುತ್ತೆ.

ಒಂದು ಮಾತು ಗಂಭೀರವಾಗಿ ಹೇಳ್ತೀನಿ. ಈ ರಾಗ ಬಿಪಿಗೆ, ಆ ರಾಗ ಶುಗರಿಗೆ, ಇನ್ನೊಂದು ಡಿಪ್ರೆಶನ್ನಿಗೆ ಅಂತ ವಾಟ್ಸಾಪಲ್ಲಿ ಬರೋ ಪಟ್ಟಿ ನಂಬಿ ಮಾತ್ರೆ ಬಿಡ್ಬೇಡಿ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರಲ್ಲ, ಯಾವುದ್ರಲ್ಲೂ ಮನಸ್ಸಿಲ್ಲ ಅಂದ್ರೆ ದಯವಿಟ್ಟು ಡಾಕ್ಟ್ರನ್ನ ನೋಡಿ, ಸಂಗೀತ ಜೊತೆಗಿರ್ಲಿ. ಮತ್ತೆ ತೀರಾ ಸೋತು ಬಿದ್ದಿರೋ ದಿನ ಕದನಕುತೂಹಲ ಹಾಕಿದ್ರೆ ಕಿರಿಕಿರಿ ಆಗ್ಬಹುದು, ಆವತ್ತು ಜೋಗುಳದ ರಾಗ ನೀಲಾಂಬರಿ ಥರದ್ದು ಏನಾದ್ರೂ ಹಾಕಿ ಮಲ್ಕೊಂಡ್ಬಿಡಿ.

ನಾಳೆ ಬೆಳಗ್ಗೆಗೆ ಒಂದೇ ಆರಿಸ್ಕೊಡಿ ಅಂದ್ರೆ ಬ್ರೋಚೇವಾರೆವರುರಾನೇ. ಒಬ್ರೇ ಹಾಡಿರೋ ಒಂದೇ ರೆಕಾರ್ಡಿಂಗ್ ಆರಿಸ್ಕೊಂಡು ಒಂದು ವಾರ ದಿನಾ ಅದನ್ನೇ ಕೇಳಿ, ಬದಲಾಯಿಸ್ಬೇಡಿ. ಚಿಟ್ಟೆಸ್ವರ ಎಲ್ಲಿ ಶುರುವಾಗುತ್ತೆ ಅನ್ನೋದು ಮುಂಚೇನೇ ಗೊತ್ತಾಗಿ ಕೈ ತಾನೇ ರೆಡಿ ಆಯ್ತು ಅಂದ್ರೆ ನಂಗೆ ಬರೆದು ತಿಳಿಸಿ, ಮುಂದಿನದ್ದು ಆವಾಗ ಹೇಳ್ತೀನಿ.